ಹಳೇ ಕಂಪನಿ ನಾಟಕದ ಹಾಡು: ಕ್ಯಾಸೆಟ್ಟೋ, ಸಿಡಿಯೋ, ಮೊಬೈಲೋ, ಮೂಲ ಪ್ಲೇಟೋ?

ಶಿವರಾತ್ರಿ ಹತ್ತಿರ ಬಂತು ಅಂದ್ರೆ ನಮ್ಮ ತುಮಕೂರು ಕಡೆಯ ಹಳ್ಳಿಗಳಲ್ಲಿ ನಾಟಕದ ತಾಲೀಮು ಜೋರಾಗುತ್ತದೆ. ಹೊಲದಿಂದ ಬಂದವರು ಕೈಕಾಲು ತೊಳೆದು, ಊಟ ಮುಗಿಸಿ, ದೇವಸ್ಥಾನದ ಅಂಗಳದಲ್ಲೋ ಶಾಲೆಯ ಜಗಲಿಯಲ್ಲೋ ಸೇರುತ್ತಾರೆ. ಮೇಷ್ಟ್ರು ಹಾರ್ಮೋನಿಯಂ ಮುಂದೆ ಕೂರುತ್ತಾರೆ. ಇದೇ ಹೊತ್ತಿಗೆ ನನಗೂ ಫೋನು ಜಾಸ್ತಿ ಬರುತ್ತವೆ. "ಅಣ್ಣಾ, ಹಳೇ ಕಂಪನಿಯವರು ಹಾಡಿದ ಮಟ್ಟು ಕೇಳಬೇಕಿತ್ತು. ಮನೇಲಿ ಕ್ಯಾಸೆಟ್ ಇದೆ, ಮೊಬೈಲಲ್ಲೂ ಸಿಗ್ತಿದೆ, ಆದ್ರೆ ಎರಡೂ ಬೇರೆ ಬೇರೆ ಥರ ಕೇಳಿಸ್ತಿದೆ. ಯಾವುದನ್ನ ನಂಬೋದು?" ಕೊರಟಗೆರೆ ಕಡೆಯ ಒಬ್ಬರು ಕೇಳಿದ್ದು ಇದು. ಶಿರಾದ ಒಬ್ಬ ಟೀಚರ್ ಮಕ್ಕಳಿಗೆ ಕೇಳಿಸಲು ಯಾವುದು ಒಳ್ಳೇದು ಅಂತ ಬರೆದಿದ್ದರು. ಇನ್ನೊಬ್ಬರ ಮನೆಯ ಅಟ್ಟದಲ್ಲಿ ಗ್ರಾಮಫೋನ್ ಪ್ಲೇಟುಗಳೇ ಸಿಕ್ಕಿವೆ.

ಪ್ರಶ್ನೆ ಸಣ್ಣದಲ್ಲ. ನಮ್ಮ ಗುಬ್ಬಿ ಇಲ್ಲಿಂದ 20 ಕಿಲೋಮೀಟರ್. 1884ರಲ್ಲಿ ಅಲ್ಲಿ ಹುಟ್ಟಿದ ನಾಟಕ ಕಂಪನಿ ಗುಬ್ಬಿ ವೀರಣ್ಣನವರ ಕಾಲಕ್ಕೆ ನಾಡಿಗೆಲ್ಲ ಹೆಸರಾಯಿತು. 1930ರ ದಶಕದಲ್ಲಿ 'ಕುರುಕ್ಷೇತ್ರ' ನಾಟಕಕ್ಕೆ ಆನೆ, ಕುದುರೆಯನ್ನೇ ರಂಗಕ್ಕೆ ತಂದವರು ಅವರು. ಆ ಕಂಪನಿಗಳ ಸೀನು, ಪರದೆ, ಉಡುಪು ಎಲ್ಲಾ ಬಹುಪಾಲು ಹೋಯಿತು. ಆ ಗಂಟಲುಗಳಲ್ಲಿ ಉಳಿದಿರುವುದು ಪ್ಲೇಟಿನಲ್ಲಿ ಹಿಡಿದಿಟ್ಟ ಮೂರು ಮೂರು ನಿಮಿಷ ಮಾತ್ರ. ಅದನ್ನು ಮತ್ತೆ ಹೊರತರುವಾಗ ಯಾರು ಹೇಗೆ ತಂದರು ಅನ್ನುವುದರ ಮೇಲೆ ನಮಗೆ ಆ ನಟ ಸಿಗುತ್ತಾನೋ, ಅವನ ನೆರಳು ಸಿಗುತ್ತದೋ ಅನ್ನುವುದು ನಿಂತಿದೆ.

ಕೇಳುವ ಮೊದಲು ಏನನ್ನು ನೋಡಬೇಕು

ಬಹಳ ಜನ ಮೊದಲು ನೋಡುವುದು "ಕರಕರ ಇಲ್ದೆ ಕ್ಲಿಯರ್ ಆಗಿದ್ಯಾ" ಅಂತ. ನಾನು ಅದನ್ನು ಕೊನೆಗೆ ನೋಡುತ್ತೇನೆ. ಮೊದಲು ನೋಡುವುದು ಮಾತು.

ಕಂಪನಿ ನಾಟಕದ ಹಾಡು ಅಂದ್ರೆ ಅರ್ಧ ಹಾಡು, ಅರ್ಧ ಮಾತು. ಕಂದ, ವೃತ್ತ ಅನ್ನುವ ಹಳೇ ಪದ್ಯಗಳನ್ನು ಎತ್ತಿಕೊಂಡಾಗ ತಾಳವೇ ಇರುವುದಿಲ್ಲ. ಪದ ಬಿಡಿಸಿ ಬಿಡಿಸಿ ಎಸೆಯಬೇಕು. ಮೈಕಿಲ್ಲದ ಕಾಲದಲ್ಲಿ ಕೊನೆಯ ಸಾಲಿನ ನೆಲದ ಮೇಲೆ ಕೂತವನಿಗೂ ಅಕ್ಷರ ಅಕ್ಷರ ಮುಟ್ಟಬೇಕಿತ್ತು. ಆ ಉಚ್ಚಾರವೇ ಅವರ ವಿದ್ಯೆ. ಅದು ಕೆಟ್ಟರೆ ರಾಗ ಎಷ್ಟು ಚೆನ್ನಾಗಿ ಕೇಳಿಸಿದರೂ ನಾಟಕದ ಹಾಡು ಸತ್ತ ಹಾಗೆ.

ಸ, ಶ, ಷ, ಚ, ಈ ಅಕ್ಷರಗಳ ಸದ್ದು ಇರುವುದು ಧ್ವನಿಯ ಮೇಲಿನ ಭಾಗದಲ್ಲಿ. 'ಸ'ಕಾರದ ಬಹುಪಾಲು 4,000 ಹರ್ಟ್ಸ್ ಮೇಲೇ ಇರುತ್ತದೆ (ಹರ್ಟ್ಸ್ ಅಂದ್ರೆ ಸದ್ದು ಸೆಕೆಂಡಿಗೆ ಎಷ್ಟು ಸಲ ಅದುರುತ್ತದೆ ಅನ್ನುವ ಲೆಕ್ಕ). ಹಳೇ ಲ್ಯಾಂಡ್‌ಲೈನ್ ಫೋನು ದಾಟಿಸುತ್ತಿದ್ದುದು ಸುಮಾರು 300ರಿಂದ 3,400 ಹರ್ಟ್ಸ್ ಮಾತ್ರ. ಅದಕ್ಕೇ ಫೋನಿನಲ್ಲಿ ಹೆಸರು ಹೇಳುವಾಗ "ಸ, ಸಕ್ಕರೆ ಸ" ಅಂತ ಬಿಡಿಸಿ ಹೇಳುತ್ತಿದ್ದೆವು, ನೆನಪಿದೆ ಅಲ್ವಾ? ಪ್ಲೇಟಿನ ಬುಸ್ ಅನ್ನುವ ಸದ್ದೂ ಜಾಸ್ತಿ ಕಿವಿಗೆ ಬಡಿಯುವುದು ಇದೇ ಮೇಲಿನ ಭಾಗದಲ್ಲಿ. ಕಂಪ್ಯೂಟರಿನಲ್ಲಿ ಆ ಬುಸ್ಸನ್ನು ಒರೆಸಲು ಹೋದರೆ 'ಸ'ಕಾರವೂ ಜೊತೆಗೆ ಒರೆಸಿಹೋಗುತ್ತದೆ. 'ಸಖಿ' ಹೋಗಿ 'ಅಖಿ' ಆಗುತ್ತದೆ. 'ಶಂಕರ' ಹೋಗಿ 'ಹಂಕರ' ಆಗುತ್ತದೆ. ಗದ್ದಲ ಇಲ್ಲದ ರೆಕಾರ್ಡು ಅಂತ ನಾವು ಖುಷಿಪಡುವಾಗ ನಟನ ಹಲ್ಲು ಕಿತ್ತ ಹಾಗಿರುತ್ತದೆ.

ಇಲ್ಲಿ ಒಂದು ವಿಷಯ ತಿಳಿದಿರಲಿ. 1925ಕ್ಕಿಂತ ಮೊದಲು ಮೈಕ್ ಇಟ್ಟು ರೆಕಾರ್ಡ್ ಮಾಡುತ್ತಿರಲಿಲ್ಲ. ಹಾಡುವವರು ದೊಡ್ಡ ಕೊಳವೆಯೊಳಗೆ ಮುಖವಿಟ್ಟು ಹಾಡಬೇಕಿತ್ತು. ಆ ಅದುರಿನಿಂದಲೇ ಸೂಜಿ ಮೇಣದ ಮೇಲೆ ಗೀರು ಕೊರೆಯುತ್ತಿತ್ತು. ಅದರಲ್ಲಿ ಹಿಡಿಯುತ್ತಿದ್ದುದು ಸುಮಾರು 250ರಿಂದ 2,500 ಹರ್ಟ್ಸ್ ಅಷ್ಟೇ. ಅಂಥ ಪ್ಲೇಟಿನಲ್ಲಿ 'ಸ'ಕಾರ ಮೊದಲಿಂದಲೇ ಇಲ್ಲ. ತಬಲದ ಡಗ್ಗಾ ಸದ್ದೂ ಇಲ್ಲ. ಯಾರು ಮರುಬಿಡುಗಡೆ ಮಾಡಿದರೂ ಅದು ಬರುವುದಿಲ್ಲ. ಮೈಕ್ ಬಂದ ಮೇಲಿನ ಪ್ಲೇಟುಗಳಲ್ಲಿ 5,000 ಹರ್ಟ್ಸ್ ದಾಟಿದ ಸದ್ದೂ ಇದೆ. ಅದು ಇದ್ದೂ ನಿಮಗೆ ಕೇಳಿಸದಿದ್ದರೆ ತಪ್ಪು ಪ್ಲೇಟಿನದಲ್ಲ, ಒರೆಸಿದವರದು. ಹಾಗಾಗಿ ಯಾವ ಕಾಲದ ರೆಕಾರ್ಡು ಅಂತ ತಿಳಿದುಕೊಂಡು ಆಮೇಲೆ ತೂಗಿ.

ಎರಡನೆಯದು ಶ್ರುತಿ. 78 ಸುತ್ತಿನ ಪ್ಲೇಟು ಅಂತ ಕರೆದರೂ ಎಲ್ಲಾ ಪ್ಲೇಟೂ ಸರಿಯಾಗಿ ನಿಮಿಷಕ್ಕೆ 78 ಸುತ್ತಿನಲ್ಲಿ ರೆಕಾರ್ಡ್ ಆದವಲ್ಲ. 76ರಲ್ಲಿ ಆದದ್ದುಂಟು, 80ರಲ್ಲಿ ಆದದ್ದುಂಟು. 76ರಲ್ಲಿ ಆದ ಪ್ಲೇಟನ್ನು 80ರಲ್ಲಿ ಓಡಿಸಿದರೆ ಶ್ರುತಿ ಹೆಚ್ಚುಕಮ್ಮಿ ಹಾರ್ಮೋನಿಯಂನ ಒಂದು ಮನೆ (ಒಂದು ಕೀ) ಮೇಲೇರುತ್ತದೆ. ಮೂರು ನಿಮಿಷ ಹತ್ತು ಸೆಕೆಂಡಿನ ಹಾಡು ಮೂರೇ ನಿಮಿಷಕ್ಕೆ ಮುಗಿಯುತ್ತದೆ. ಗಂಡಸಿನ ದನಿ ತೆಳ್ಳಗಾಗುತ್ತದೆ, ಗಮಕ ಅವಸರದಲ್ಲಿ ನಡುಗಿದ ಹಾಗೆ ಆಗುತ್ತದೆ. "ಹಳಬರು ಎಂಥ ಮೇಲಿನ ಶ್ರುತಿಯಲ್ಲಿ ಹಾಡ್ತಿದ್ರು ನೋಡಿ" ಅಂತ ನಾವು ಬೆರಗಾಗುವುದರಲ್ಲಿ ಒಂದು ಪಾಲು ಈ ಸ್ಪೀಡಿನ ತಪ್ಪು. ಅವರು ಮೇಲಿನ ಶ್ರುತಿಯಲ್ಲಿ ಹಾಡುತ್ತಿದ್ದುದೂ ನಿಜ. ಎರಡನ್ನೂ ಬೇರೆ ಮಾಡಿ ನೋಡಬೇಕು.

ಇದನ್ನು ನನಗೆ ತೋರಿಸಿಕೊಟ್ಟವರು ನಮ್ಮೂರಿನ ಹಾರ್ಮೋನಿಯಂ ಮೇಷ್ಟ್ರು. ಒಂದು ಸಂಜೆ ಮೊಬೈಲಿನಲ್ಲಿ ಒಂದೇ ಹಾಡಿನ ಎರಡು ರೆಕಾರ್ಡು ಹಾಕಿದೆ. ಅವರು ಕಣ್ಣು ಮುಚ್ಚಿ, ಎಡಗೈಯಿಂದ ತಿದಿ ಒತ್ತುತ್ತಾ, ಬಲಗೈ ಬೆರಳನ್ನು ಕಪ್ಪು ಎರಡರ (ಎರಡನೇ ಕಪ್ಪು ಮನೆಯ) ಮೇಲೆ ಇಟ್ಟರು. ಮೊದಲನೆಯದು ಅಲ್ಲಿಗೇ ಕೂತಿತು. ಎರಡನೆಯದಕ್ಕೆ ಬೆರಳು ಮೇಲೆ ಜರುಗಿತು, ಅಲ್ಲಿಯೂ ಕೂರಲಿಲ್ಲ, ಎರಡು ಮನೆಯ ನಡುವೆ ಎಲ್ಲೋ ನಿಂತಿತು. "ಇದು ಓಡ್ತಾ ಐತೆ ಕಣಪ್ಪಾ, ಹಾಡ್ತಾ ಇಲ್ಲ" ಅಂದರು. ಆ ಕಾಲದ ಹಾರ್ಮೋನಿಯಂ ಶ್ರುತಿ ಇವತ್ತಿನದಕ್ಕೆ ಸರಿಯಾಗಿ ಕೂರಲೇಬೇಕು ಅಂತಿಲ್ಲ. ಹಾಗಾಗಿ ಇದೊಂದೇ ಸಾಕ್ಷಿ ಸಾಲದು. ದನಿಯ ಸಹಜತೆಯನ್ನೂ ನೋಡಿ. ಹಾಡಿನ ನಡುವೆ ಮಾತು ಬಂದರೆ ಆ ಮಾತು ಮನುಷ್ಯ ಆಡಿದ ಹಾಗಿದೆಯೋ, ಓಡುವ ಬಸ್ಸು ಹಿಡಿಯುವವನ ಹಾಗಿದೆಯೋ ಗಮನಿಸಿ.

ಮೂರನೆಯದು, ಪೂರ್ತಿ ಇದೆಯಾ ಅನ್ನುವುದು. 10 ಇಂಚಿನ ಪ್ಲೇಟಿನ ಒಂದು ಮೈಗೆ (ಒಂದು ಬದಿಗೆ) ಹಿಡಿಯುತ್ತಿದ್ದುದು ಸುಮಾರು ಮೂರು ನಿಮಿಷ. ರಂಗದ ಮೇಲೆ ಒನ್ಸ್ ಮೋರ್ ಮೇಲೆ ಒನ್ಸ್ ಮೋರ್ ಬಿದ್ದು ಬೆಳೆಯುತ್ತಿದ್ದ ಹಾಡನ್ನು ಅಷ್ಟರಲ್ಲೇ ಕಟ್ಟಬೇಕಿತ್ತು. ನಾಟಕವನ್ನೇ ನಾಲ್ಕಾರು ಪ್ಲೇಟಿಗೆ ಇಳಿಸಿದ ಡ್ರಾಮಾ ಸೆಟ್ಟುಗಳೂ ಬರುತ್ತಿದ್ದವು. ಮರುಬಿಡುಗಡೆಯಲ್ಲಿ ಒಂದು ಮೈ ಮುಗಿದು ಇನ್ನೊಂದು ಶುರುವಾಗುವ ಕಡೆ ಎರಡು ಸಾಲು ನುಂಗಿಹೋಗಿರುತ್ತದೆ. ಶುರುವಿನ ಹಾರ್ಮೋನಿಯಂ ಎಳೆತವನ್ನೋ, ಕೊನೆಗೆ ಹಾಡಿದವರು ಹೇಳುವ ಹೆಸರನ್ನೋ ಕತ್ತರಿಸಿರುತ್ತಾರೆ. 1902ರಲ್ಲಿ ಕಲ್ಕತ್ತದಲ್ಲಿ ಹಾಡಿದ ಗಾಯಕಿ ಗೌಹರ್ ಜಾನ್ ಹಾಡಿನ ಕೊನೆಗೆ ತಮ್ಮ ಹೆಸರು ಹೇಳುತ್ತಿದ್ದರು. ಆ ಪ್ಲೇಟುಗಳು ಅಚ್ಚಾಗುತ್ತಿದ್ದುದು ದೂರದ ಜರ್ಮನಿಯಲ್ಲಿ. ಯಾರ ದನಿ ಅಂತ ಅಲ್ಲಿನವರಿಗೆ ತಿಳಿಯಬೇಕಲ್ಲ! ಅಂಥ ಒಂದು ಮಾತು ಉಳಿಸಿಕೊಂಡ ಮರುಬಿಡುಗಡೆ ಕಂಡರೆ ಮಾಡಿದವರಿಗೆ ಕೈಮುಗಿಯುತ್ತೇನೆ.

ಆಮೇಲೆ ಕಾಸು, ಮತ್ತೆ ನೀವು ಕೇಳುವುದು ಯಾವುದರಲ್ಲಿ ಅನ್ನುವುದು. ಅದನ್ನು ಒಂದೊಂದರ ಜೊತೆಗೇ ಹೇಳುತ್ತೇನೆ.

ಕ್ಯಾಸೆಟ್

ಕ್ಯಾಸೆಟ್ ಅಂದ್ರೆ ಈಗ ಎಲ್ಲರೂ ಮೂಗು ಮುರಿಯುತ್ತಾರೆ. ಟೇಪು ಸೆಕೆಂಡಿಗೆ 4.76 ಸೆಂಟಿಮೀಟರ್ ಓಡುತ್ತದೆ. ಅಷ್ಟು ನಿಧಾನದ, ಅಷ್ಟು ಸಣ್ಣ ಟೇಪಿನಲ್ಲಿ ಸುಯ್ ಅನ್ನುವ ಸದ್ದು ಇದ್ದೇ ಇರುತ್ತದೆ. ಆದರೆ ಕ್ಯಾಸೆಟ್ ಕಾಲದಲ್ಲಿ ಗದ್ದಲ ಒರೆಸುವ ಕಂಪ್ಯೂಟರು ಎಲ್ಲರ ಕೈಗೆ ಬಂದಿರಲಿಲ್ಲ. ಪ್ಲೇಟಿನಲ್ಲಿ ಇದ್ದದ್ದು ಬಹುಮಟ್ಟಿಗೆ ಹಾಗೇ ಟೇಪಿಗೆ ಇಳಿಯುತ್ತಿತ್ತು. ಸದ್ದಿನ ಹಿಂದೆ ನಟನ ಅಕ್ಷರ ಪೂರ್ತಿ ಇರುತ್ತದೆ. ಮನೆಯಲ್ಲಿ ಒಳ್ಳೇ ಕಂಪನಿಯ ಅಸಲಿ ಕ್ಯಾಸೆಟ್ ಇದ್ದರೆ ದಯವಿಟ್ಟು ಬಿಸಾಡಬೇಡಿ. ನಕಲಿ ಕ್ಯಾಸೆಟ್ಟಿನದು ಬೇರೆ ಕಥೆ, ನಕಲಿನ ನಕಲಾಗಿ ಮೇಲಿನ ಸದ್ದೆಲ್ಲ ಹೋಗಿರುತ್ತದೆ.

ಕ್ಯಾಸೆಟ್ ಮಬ್ಬಾಗಿ ಕೇಳಿಸಿದರೆ ಟೇಪೇ ಕೆಟ್ಟಿದೆ ಅಂದುಕೊಳ್ಳುವ ಮೊದಲು ಒಂದು ಕೆಲಸ ಮಾಡಿ. ಟೇಪ್‌ರೆಕಾರ್ಡರಿನ ಹೆಡ್ ಪಕ್ಕದಲ್ಲಿ ಸ್ಪ್ರಿಂಗ್ ಹಾಕಿದ ಒಂದು ಪುಟ್ಟ ಸ್ಕ್ರೂ ಇರುತ್ತದೆ. ವಾಚು ರಿಪೇರಿಯವರ ಸ್ಕ್ರೂಡ್ರೈವರಿನಿಂದ ಹಾಡು ಓಡುತ್ತಿರುವಾಗಲೇ ಅದನ್ನು ಕೂದಲೆಳೆಯಷ್ಟು ಆ ಕಡೆ ಈ ಕಡೆ ತಿರುಗಿಸಿ. ಒಂದು ಜಾಗದಲ್ಲಿ ಕಂಬಳಿ ಸರಿಸಿದ ಹಾಗೆ 'ಸ'ಕಾರ ಚುರುಕಾಗಿ ಎದ್ದು ಬರುತ್ತದೆ. ಅಲ್ಲಿಗೆ ನಿಲ್ಲಿಸಿ. ಹೆಡ್ ಟೇಪಿಗೆ ನೇರವಾಗಿ ಕೂತಿರಲಿಲ್ಲ, ಅಷ್ಟೇ. ಬೆಲ್ಟ್ ಸಡಿಲವಾಗಿದ್ದರೆ ಶ್ರುತಿ ಕೆಳಗಿಳಿಯುತ್ತದೆ, ಅದನ್ನೂ ಬದಲಾಯಿಸಿಕೊಳ್ಳಿ. ಇಷ್ಟಾದ ಮೇಲೆ ಒಂದೇ ಸಲ ಕಂಪ್ಯೂಟರಿಗೆ ಇಳಿಸಿಕೊಂಡು ಕ್ಯಾಸೆಟ್ಟನ್ನು ಎತ್ತಿಡಿ.

ಹೊಸದಾಗಿ ಕ್ಯಾಸೆಟ್ ಹುಡುಕಿ ಕೊಳ್ಳಬೇಕಾ? ನಾನು ಬೇಡ ಅನ್ನುತ್ತೇನೆ. ಓಡಿಸುವ ಮಷೀನು, ಅದನ್ನು ರಿಪೇರಿ ಮಾಡುವವರು, ಎರಡೂ ಸಿಗುವುದು ಕಷ್ಟ. ಇದ್ದವರು ಉಳಿಸಿಕೊಳ್ಳಿ.

ಸಿಡಿ

ಕೊಂಡು ಕೇಳುವವರಿಗೆ ನನ್ನ ಮೊದಲ ಆಯ್ಕೆ ಇಂದಿಗೂ ಸಿಡಿ. ಸೆಕೆಂಡಿಗೆ 44,100 ಸಲ ಅಳೆದು 16 ಬಿಟ್ಟಿನಲ್ಲಿ ಬರೆದ ಧ್ವನಿ ಅದು. 78ರ ಪ್ಲೇಟಿನಲ್ಲಿ ಇರುವುದನ್ನು ಹಿಡಿಯಲು ಅದು ಬೇಕಾದ್ದಕ್ಕಿಂತ ಜಾಸ್ತಿಯೇ ಆಯಿತು. ಓಡಿಸಿದಷ್ಟೂ ಸವೆಯುವುದಿಲ್ಲ.

ಆದರೆ ಕೊಳ್ಳುವಾಗ ಎರಡು ವಿಷಯ ನೋಡಿ. ಒಂದೇ ಡಿಸ್ಕಿನಲ್ಲಿ 100 ಹಾಡು ಅಂತ ಬರೆದಿದ್ದರೆ ಅದು ಎಂಪಿ3. ಒತ್ತಿ ಸಣ್ಣ ಮಾಡಿದ ಫೈಲು. ಆಡಿಯೋ ಸಿಡಿಯಲ್ಲಿ ಹಿಡಿಯುವುದು 74ರಿಂದ 80 ನಿಮಿಷ, ಅಂದ್ರೆ ಪ್ಲೇಟಿನ ಹಾಡು ಇಪ್ಪತ್ತು ಇಪ್ಪತ್ತೈದು. ಕಡಿಮೆ ಹಾಡಿನ ಸಿಡಿಗೆ ಜಾಸ್ತಿ ದುಡ್ಡು ಯಾಕೆ ಅನ್ನಿಸಬಹುದು, ಆದರೆ ಅದೇ ಸರಿ. ಹಳೇ ಪ್ಲೇಟಿನ ಚಟಚಟ ಸದ್ದನ್ನು ಒತ್ತಿ ಸಣ್ಣ ಮಾಡುವುದು ಎಂಪಿ3ಗೆ ಬಲು ಕಷ್ಟ. ಜಾಗವೆಲ್ಲ ಆ ಗದ್ದಲಕ್ಕೇ ಖರ್ಚಾಗಿ, ದನಿಯ ಸುತ್ತ ನೀರಿನೊಳಗೆ ಗುಳುಗುಳು ಅಂದ ಹಾಗೆ ಕೇಳಿಸತೊಡಗುತ್ತದೆ.

ಇನ್ನೊಂದು, ಕವರಿನ ಒಳಗಿನ ಬರಹ. ಹಾಡಿದವರ ಹೆಸರು, ಹಾರ್ಮೋನಿಯಂ ನುಡಿಸಿದವರ ಹೆಸರು, ಮೂಲ ಪ್ಲೇಟಿನ ನಂಬರು, ಇಸವಿ, ಇಷ್ಟು ಕೊಟ್ಟಿದ್ದರೆ ಅವರು ಪ್ಲೇಟು ಕೈಯಲ್ಲಿ ಹಿಡಿದು ಕೆಲಸ ಮಾಡಿದ್ದಾರೆ ಅಂತ ಮುಕ್ಕಾಲು ಪಾಲು ನಂಬಬಹುದು. ಬರೀ "ರಂಗಗೀತೆಗಳು, ಭಾಗ 1" ಅಂತಿದ್ದರೆ ಯಾವುದೋ ಕ್ಯಾಸೆಟ್ಟಿನಿಂದ ಎತ್ತಿ ಹಾಕಿರುವ ಸಂಭವವೇ ಜಾಸ್ತಿ.

ಎಲ್‌ಪಿ (78ರ ನಂತರ ಬಂದ, ನಿಧಾನ ತಿರುಗುವ ಪ್ಲೇಟು) ಬಗ್ಗೆ ಜಾಸ್ತಿ ಹೇಳುವುದಿಲ್ಲ. ಸಿಕ್ಕಿದರೆ, ಮೇಲೆ ಗೀರು ಬೀಳದಿದ್ದರೆ ತಗೊಳ್ಳಿ. ಹಳೇ ಮೊನೊ (ಎರಡು ಕಿವಿಗೂ ಒಂದೇ ಸದ್ದು) ರೆಕಾರ್ಡನ್ನು ಸ್ಟೀರಿಯೋ (ಎಡಬಲಕ್ಕೆ ಬೇರೆ ಬೇರೆ ಸದ್ದು) ಅಂತ ಮಾಡಿ ಕೊಟ್ಟದ್ದನ್ನು ಮಾತ್ರ ಬಿಡಿ. ಎಡಕ್ಕೆ ಒಂದು ಬಣ್ಣ, ಬಲಕ್ಕೆ ಒಂದು ಬಣ್ಣ ಹಚ್ಚಿ ನಟನನ್ನು ಎರಡು ತುಂಡು ಮಾಡಿರುತ್ತಾರೆ. ಒಂದು ಕಿವಿಯ ಇಯರ್‌ಫೋನ್ ತೆಗೆದು ಕೇಳಿ, ಆಮೇಲೆ ಇನ್ನೊಂದು. ಎರಡರಲ್ಲೂ ಒಂದೇ ದನಿ ಬರಬೇಕು. ಸಿಡಿಗೂ ಮೊಬೈಲಿಗೂ ಈ ಪರೀಕ್ಷೆ ಆಗುತ್ತದೆ.

ಮೊಬೈಲು

ಸುಲಭ ಇದೇ. ಹಾಡಿನ ಆ್ಯಪಿಗೆ ತಿಂಗಳಿಗೆ ನೂರು ಇನ್ನೂರು ರೂಪಾಯಿ, ಇಲ್ಲವೇ ಜಾಹೀರಾತು ಸಹಿಸಿಕೊಂಡರೆ ಬಿಟ್ಟಿ. ಇಲ್ಲಿ ಒಂದೇ ಹಾಡಿಗೆ ಐದಾರು ರೂಪ ಸಿಗುತ್ತದೆ. ಕಾರಣವೂ ಇದೆ. ನಮ್ಮ ದೇಶದಲ್ಲಿ ಧ್ವನಿಮುದ್ರಣದ ಹಕ್ಕು ಪ್ರಕಟವಾದ ಮರುವರ್ಷದಿಂದ 60 ವರ್ಷ. ಕಂಪನಿ ಕಾಲದ ಬಹುಪಾಲು ಪ್ಲೇಟುಗಳ ಆ ಅವಧಿ ದಾಟಿಹೋಗಿದೆ, ಹಾಗಾಗಿ ಬೇರೆ ಬೇರೆಯವರು ಹಾಕುತ್ತಾರೆ. ಒಳ್ಳೆಯದೂ ಕೆಟ್ಟದ್ದೂ ಪಕ್ಕಪಕ್ಕದಲ್ಲೇ ಕೂತಿರುತ್ತವೆ.

ದೊಡ್ಡ ಕಂಪನಿ ಹಾಕಿದ್ದೇ ಚೆನ್ನಾಗಿರುತ್ತದೆ ಅಂತ ಅಂದುಕೊಳ್ಳಬೇಡಿ. ಪ್ಲೇಟು ಸಂಗ್ರಹಿಸುವ ಯಾರೋ ಪುಣ್ಯಾತ್ಮರು ಒರೆಸದೆ, ತಿದ್ದದೆ ಸುಮ್ನೆ ಹಾಕಿದ್ದು ಎಷ್ಟೋ ಸಲ ಮೇಲು. ಬೆಂಗಳೂರಿನಲ್ಲಿ ಶುರುವಾದ ಆರ್ಕೈವ್ ಆಫ್ ಇಂಡಿಯನ್ ಮ್ಯೂಸಿಕ್ ಹಳೇ ಗ್ರಾಮಫೋನ್ ಪ್ಲೇಟುಗಳನ್ನು ಡಿಜಿಟಲ್ ಮಾಡಿ ಕೇಳಲು ಬಿಟ್ಟಿದೆ. ನಾಟಕದ ಧ್ವನಿಗಳನ್ನು ಹುಡುಕುವವರು ಅಲ್ಲಿಗೆ ಒಮ್ಮೆ ಹೋಗಿಬನ್ನಿ.

ಜಾಸ್ತಿ ಒರೆಸಿದ್ದನ್ನು ಪತ್ತೆ ಹಚ್ಚುವುದು ಹೀಗೆ. ಸಾಲು ಮುಗಿಸಿ ಗಾಯಕ ಉಸಿರೆಳೆಯುವ ಜಾಗಕ್ಕೆ ಕಿವಿಗೊಡಿ. ದನಿ ನಿಂತ ಕೂಡಲೇ ಹಿಂದಿನ ಸದ್ದೂ ಬಾಗಿಲು ಹಾಕಿದ ಹಾಗೆ ಟಪ್ ಅಂತ ನಿಂತು, ದನಿ ಬಂದ ಕೂಡಲೇ ಮತ್ತೆ ಎದ್ದರೆ, ಮಷೀನು ಕತ್ತರಿ ಆಡಿಸಿದೆ. ಹಾರ್ಮೋನಿಯಂ ಎಳೆತದ ಬಾಲ, ಗಾಯಕನ ಉಸಿರು ಎರಡೂ ಅಲ್ಲಿ ಹೋಗಿರುತ್ತವೆ. ಉಸಿರು ಮುಖ್ಯ. ಒಂದು ವೃತ್ತವನ್ನು ಎಲ್ಲಿ ಉಸಿರು ತಗೊಂಡು ಎಲ್ಲಿ ಬಿಡದೆ ಎಳೆಯುತ್ತಿದ್ದರು ಅನ್ನುವುದು ಕಲಿಯುವವನಿಗೆ ಪಾಠ. ಇನ್ನು ಕೆಲವರು ಒರೆಸಿ ಬರಡಾದದ್ದನ್ನು ಮುಚ್ಚಲು ಗವಿಯೊಳಗೆ ಹಾಡಿದ ಹಾಗೆ ಎಕೋ ಸೇರಿಸುತ್ತಾರೆ. ಅದನ್ನು ಕೇಳಿದ ಕೂಡಲೇ ಬಿಟ್ಟುಬಿಡಿ.

ಒಳ್ಳೇದು ಸಿಕ್ಕಿ ಗೆಳೆಯರಿಗೆ ವಾಟ್ಸಾಪಿನಲ್ಲಿ ಕಳಿಸುವುದಾದರೆ ಸ್ಪೀಕರಿನ ಮುಂದೆ ಮೊಬೈಲು ಹಿಡಿದು ವಾಯ್ಸ್ ಮೆಸೇಜ್ ಮಾಡಬೇಡಿ. ಫೈಲನ್ನು ಡಾಕ್ಯುಮೆಂಟ್ ಆಗಿ ಕಳಿಸಿ, ಇದ್ದದ್ದು ಇದ್ದ ಹಾಗೇ ಹೋಗುತ್ತದೆ.

ಮೂಲ ಪ್ಲೇಟು

ಇಲ್ಲಿ ಸ್ವಲ್ಪ ಹೊತ್ತು ಕೂರಬೇಕು. ನಮ್ಮ ಕಡೆ ಎಷ್ಟೋ ಮನೆಗಳ ಅಟ್ಟದಲ್ಲಿ ಪ್ಲೇಟು ಇನ್ನೂ ಇವೆ. ಭಾರತದಲ್ಲಿ 78ರ ಪ್ಲೇಟು 1960ರ ದಶಕದಲ್ಲೂ ಅಚ್ಚಾಗುತ್ತಿದ್ದವು. ಹಾಗಾಗಿ ತಾತನ ಕಾಲದ್ದು ಮಾತ್ರ ಅಲ್ಲ, ಅಪ್ಪ ಕೊಂಡದ್ದೂ ಇರಬಹುದು.

ನಮ್ಮ ದೊಡ್ಡಪ್ಪನ ಮನೆಯಲ್ಲಿ 9 ಪ್ಲೇಟು ಸಿಕ್ಕವು. ಧೂಳು ಮೆತ್ತಿಕೊಂಡಿತ್ತು. ಡಿಜಿಟಲ್ ಮಾಡಿಕೊಡುತ್ತೇವೆ ಅಂದ ಒಂದು ಅಂಗಡಿಗೆ ಎರಡನ್ನು ಕೊಟ್ಟೆ. ನನ್ನ ಕಣ್ಣೆದುರೇ ಆ ಹುಡುಗ ಹತ್ತಿಗೆ ಸ್ಪಿರಿಟ್ ಹಾಕಿ ಒರೆಸಿದ. ಹತ್ತಿ ಕಪ್ಪಾಯಿತು. "ಎಷ್ಟು ಧೂಳು ನೋಡಿ ಸಾರ್" ಅಂದ. ಧೂಳಲ್ಲ, ಪ್ಲೇಟೇ ಕರಗಿ ಹತ್ತಿಗೆ ಬಂದಿತ್ತು. ಪ್ಲೇಟು ಮಾಡಿರುವುದು ಅರಗಿನಿಂದ, ಅದಕ್ಕೆ ಕಲ್ಲಿನ ಪುಡಿ ಬೆರೆಸಿ. ಬಡಗಿಗಳು ಮರಕ್ಕೆ ಹಚ್ಚುವ ಪಾಲಿಶ್ ಇದೆಯಲ್ಲ, ಅದು ಇದೇ ಅರಗನ್ನು ಸ್ಪಿರಿಟಿನಲ್ಲಿ ಕರಗಿಸಿದ್ದು. ಒಂದು ಮೈಯ ಗೀರು ಮಬ್ಬಾಗಿ ಹೋಯಿತು. ಆ ಹಾಡು ನನ್ನ ಬಳಿ ಈಗ ಅರ್ಧ ಇದೆ. ಅವತ್ತಿನ ಸಂಕಟ ಇವತ್ತಿಗೂ ಹೋಗಿಲ್ಲ.

ಆದ್ದರಿಂದ ಸ್ಪಿರಿಟ್, ಸ್ಯಾನಿಟೈಸರ್ ಯಾವುದೂ ಬೇಡ. ಡಿಸ್ಟಿಲ್ಡ್ ವಾಟರಿಗೆ ಒಂದೆರಡು ಹನಿ ಮೃದುವಾದ ಸೋಪು, ಮೆತ್ತಗಿನ ಬಟ್ಟೆ, ಗೀರಿನ ದಿಕ್ಕಿನಲ್ಲೇ ಒರೆಸುವುದು, ನಡುವಿನ ಲೇಬಲ್ ನೆನೆಯದ ಹಾಗೆ. ಬರೀ ಡಿಸ್ಟಿಲ್ಡ್ ವಾಟರಿನಲ್ಲಿ ಇನ್ನೊಮ್ಮೆ ಒರೆಸಿ ನೆರಳಲ್ಲಿ ನಿಲ್ಲಿಸಿ ಒಣಗಿಸಿ. ಒಂದರ ಮೇಲೊಂದು ಪೇರಿಸಬೇಡಿ, ಪುಸ್ತಕದ ಹಾಗೆ ನಿಲ್ಲಿಸಿಡಿ. ಕೈಜಾರಿದರೆ ಹಂಚಿನ ಹಾಗೆ ಒಡೆಯುತ್ತದೆ.

ಮನೆಯ ಕೀ ಕೊಡುವ ಗ್ರಾಮಫೋನಿನಲ್ಲಿ ಓಡಿಸುವ ಆಸೆ ಎಲ್ಲರಿಗೂ ಆಗುತ್ತದೆ. ಅದರ ಸೌಂಡ್‌ಬಾಕ್ಸಿನ (ಮುಳ್ಳು ಹಿಡಿದ ತಲೆಯ) ಭಾರ 100 ಗ್ರಾಂ ದಾಟುತ್ತದೆ. ಅಷ್ಟೂ ಭಾರ ಒಂದು ಉಕ್ಕಿನ ಮುಳ್ಳಿನ ಮೊನೆಯ ಮೇಲೆ. ಒಂದು ಸಲ ಓಡಿಸಿದರೆ ಮುಳ್ಳೇ ಸವೆಯುತ್ತದೆ, ಅದಕ್ಕೇ ಪ್ರತಿ ಮೈಗೂ ಹೊಸ ಮುಳ್ಳು ಹಾಕುತ್ತಿದ್ದರು. ಇರುವುದು ಒಂದೇ ಪ್ಲೇಟಾದರೆ ಬೇಡ.

ಈಗ ಸಿಗುವ ಟರ್ನ್‌ಟೇಬಲ್ ಹಗುರ, ಕೆಲವು ಗ್ರಾಂ ಅಷ್ಟೇ. ಆದರೆ ಅದರಲ್ಲಿ 78ರ ಸ್ಪೀಡ್ ಇರಬೇಕು, ಮುಳ್ಳು ಬೇರೆ ಇರಬೇಕು. 78ರ ಮುಳ್ಳಿನ ಮೊನೆಯ ತ್ರಿಜ್ಯ ಸುಮಾರು 75 ಮೈಕ್ರಾನ್, ಒಂದು ತಲೆಗೂದಲಿನ ದಪ್ಪದಷ್ಟು. ಎಲ್‌ಪಿಯದು ಅದರ ಮೂರನೇ ಒಂದು ಭಾಗ. ಎಲ್‌ಪಿ ಮುಳ್ಳು ಹಾಕಿದರೆ ಅದು ಗೀರಿನ ತಳಕ್ಕೆ ಬಿದ್ದು ಅಲ್ಲಿನ ಕಸವನ್ನೆಲ್ಲ ಹಾಡಿಸುತ್ತದೆ. ಇಷ್ಟೆಲ್ಲ ಸರಿಯಾಗಿ ಮಾಡಲು ಹತ್ತು ಸಾವಿರ ರೂಪಾಯಿ ಸುಲಭವಾಗಿ ದಾಟುತ್ತದೆ. ಐದಾರು ಪ್ಲೇಟು ಇರುವವರು ಅದಕ್ಕೆ ಕೈಹಾಕುವುದು ಬೇಡ. ಇಂಥ ಕೆಲಸ ಗೊತ್ತಿರುವವರಿಂದ ಮಾಡಿಸಿ.

ಮಾಡಿಸುವಾಗ ಮೂರು ಮಾತು ಕೇಳಿ. ಮುಳ್ಳು ಯಾವ ಸೈಜು, ಒಂದಕ್ಕಿಂತ ಜಾಸ್ತಿ ಇಟ್ಟಿದ್ದೀರಾ? ಹಳೇ ಉಕ್ಕಿನ ಮುಳ್ಳು ಗೀರಿನ ಒಂದು ಎತ್ತರವನ್ನು ಸವೆಸಿರುತ್ತದೆ. ಸ್ವಲ್ಪ ದಪ್ಪ ಅಥವಾ ಸ್ವಲ್ಪ ಸಣ್ಣ ಮುಳ್ಳು ಹಾಕಿದರೆ ಸವೆಯದ ಜಾಗ ಸಿಕ್ಕಿ ದನಿ ಎದ್ದು ಬರುತ್ತದೆ. ಸ್ಪೀಡನ್ನು ಹೇಗೆ ಗೊತ್ತು ಮಾಡುತ್ತೀರಿ? ಮತ್ತೆ, ಒರೆಸದ ಫೈಲನ್ನು ಬೇರೆಯಾಗಿ ಕೊಡುತ್ತೀರಾ? 96 ಕಿಲೋಹರ್ಟ್ಸ್, 24 ಬಿಟ್ಟಿನಲ್ಲಿ ಕೊಟ್ಟರೆ ಒಳ್ಳೇದು. ಈ ಮೂರನೆಯದಕ್ಕೆ ಇಲ್ಲ ಅಂದವರಿಗೆ ಪ್ಲೇಟು ಕೊಡಬೇಡಿ. ಚಟ್ ಚಟ್ ಅನ್ನುವ ಒಂದೊಂದು ಏಟನ್ನು ತೆಗೆಯುವುದು ಸರಿ, ಹದವಾಗಿ ಮಾಡಿದರೆ ಅದರಿಂದ ದನಿಗೆ ಅಷ್ಟು ಕೇಡಾಗುವುದಿಲ್ಲ. ಬುಸ್ಸನ್ನು ಪೂರ್ತಿ ತೆಗೆಯಲು ಹೊರಟರೇ ತೊಂದರೆ. ಇವತ್ತು ಒರೆಸುವ ವಿದ್ಯೆಗಿಂತ ಮುಂದಿನದು ಚೆನ್ನಾಗಿ ಬರಬಹುದು. ಅವತ್ತಿಗೆ ಒರೆಸದ ಫೈಲು ಕೈಯಲ್ಲಿ ಇರಬೇಕಲ್ವಾ?

ಹೊಸಬರು ಹಾಡಿದ್ದು

ಇದು ಮರುಬಿಡುಗಡೆ ಅಲ್ಲ, ಆದರೂ ಕೇಳುವವರಿದ್ದಾರೆ. ಕಂಪನಿಯ ಗಾಳಿಯಲ್ಲೇ ಬೆಳೆದ ಆರ್. ಪರಮಶಿವನ್ ಅವರು ಹಾಡಿದ್ದು, ಗುಬ್ಬಿ ವೀರಣ್ಣನವರ ಮೊಮ್ಮಗಳು ಬಿ. ಜಯಶ್ರೀ ಅವರು ಹಾಡಿದ್ದು ಇವೆ. ಪದ ಸ್ಪಷ್ಟ, ಮಟ್ಟು ಸ್ಪಷ್ಟ, ಶ್ರುತಿಯ ಅನುಮಾನ ಇಲ್ಲ. ಆದರೆ ಮೈಕ್ ಮುಂದೆ ಹಾಡಿದ ಹಾಡು ಬೇರೆ, ಮೈಕಿಲ್ಲದೆ ಮೈದಾನಕ್ಕೆ ಎಸೆದ ಹಾಡು ಬೇರೆ. ಮೊದಲನೆಯದನ್ನು ಕೇಳಿ ಎರಡನೆಯದು ಹೀಗೇ ಇತ್ತು ಅಂತ ತಿಳಿಯಬಾರದು.

ಯಾರಿಗೆ ಯಾವುದು

ನಾಟಕಕ್ಕೆ ಹಾಡು ಕಲಿಯುವವರು ಮೊದಲು ಹೊಸಬರು ಹಾಡಿದ್ದರಿಂದ ಪದ ಬರೆದುಕೊಳ್ಳಿ. ಆಮೇಲೆ ಒರೆಸದ ಹಳೇ ರೆಕಾರ್ಡನ್ನು ಒಂದು ವಾರ ಬಿಡದೆ ಕೇಳಿ. ಮೊದಲ ದಿನ ಗದ್ದಲವೇ ಕೇಳಿಸುತ್ತದೆ. ಮೂರನೇ ದಿನಕ್ಕೆ ಕಿವಿ ಅದನ್ನು ಪಕ್ಕಕ್ಕೆ ಸರಿಸಿ ದನಿಯನ್ನು ಹಿಡಿಯುತ್ತದೆ. ಮನುಷ್ಯನ ಕಿವಿ ಮಾಡುವಷ್ಟು ಚೆನ್ನಾಗಿ ಆ ಕೆಲಸವನ್ನು ಯಾವ ಮಷೀನೂ ಮಾಡಿದ್ದನ್ನು ನಾನು ಕೇಳಿಲ್ಲ.

ಮನೆಯ ಹಿರಿಯರಿಗೆ ಕೇಳಿಸಬೇಕು ಅನ್ನುವವರು "ಅಜ್ಜಿಗೆ ಗದ್ದಲ ಆಗಲ್ಲ" ಅಂತ ಹುಡುಕಿ ಹುಡುಕಿ ಒರೆಸಿದ್ದನ್ನೇ ತರುತ್ತಾರೆ. ವಯಸ್ಸಾದಂತೆ ಕಿವಿಗೆ ಮೊದಲು ಮಸುಕಾಗುವುದು ಮೇಲಿನ ಸದ್ದು. ಆ ಬುಸ್ಸು ನಮಗೆ ಕೇಳಿಸಿದಷ್ಟು ಅವರಿಗೆ ಕೇಳಿಸುವುದೇ ಇಲ್ಲ. ಅಕ್ಷರಗಳೂ ಅವರಿಗೆ ಮೊದಲೇ ಮಸುಕು. ಒರೆಸಿ ಇನ್ನೂ ಮಸುಕು ಮಾಡಿಕೊಡಬೇಡಿ. ಚಟಚಟ ಮಾತ್ರ ತೆಗೆದ ಸಿಡಿಯೋ ಫೈಲೋ ಸಾಕು. ಇಯರ್‌ಫೋನ್ ಬೇಡ, ಎರಡು ಸ್ಪೀಕರೂ ಬೇಡ, ಎದುರಿಗೆ ಒಂದೇ ಒಂದು ಒಳ್ಳೇ ಸ್ಪೀಕರ್ ಇಡಿ. ಮೊನೊ ದನಿ ಒಂದು ಕಡೆಯಿಂದ ಬಂದರೆ ಒಬ್ಬ ಮನುಷ್ಯ ಎದುರು ನಿಂತು ಹಾಡಿದ ಹಾಗೆ ಇರುತ್ತದೆ.

ಶಾಲೆ ಮಕ್ಕಳಿಗಾದರೆ ಹದವಾಗಿ ಒರೆಸಿದ್ದನ್ನೇ ಮೊದಲು ಹಾಕಿ. ಅವರನ್ನು ಮೊದಲು ಒಳಗೆ ಕರೆಯಬೇಕು. ಶಿರಾದ ಟೀಚರಿಗೂ ಇದನ್ನೇ ಹೇಳಿದೆ.

ಕೈಯಲ್ಲಿ ಐನೂರು ಸಾವಿರ ಇದ್ದರೆ ವೈರ್ ಇರುವ ಒಂದು ಸಾಧಾರಣ ಒಳ್ಳೇ ಇಯರ್‌ಫೋನ್ ಕೊಂಡು ಮೊಬೈಲಿನಲ್ಲೇ ಹುಡುಕಿ. ಸ್ವಲ್ಪ ಜಾಸ್ತಿ ಇದ್ದರೆ, ನಂಬರು ಹೆಸರು ಸಮೇತ ಇರುವ ಆಡಿಯೋ ಸಿಡಿ. ಅಟ್ಟದಲ್ಲಿ ಪ್ಲೇಟು ಇದ್ದರೆ ಬೇರೆ ಯಾವುದಕ್ಕೂ ದುಡ್ಡು ಹಾಕುವ ಮೊದಲು ಅದನ್ನು ಡಿಜಿಟಲ್ ಮಾಡಿಸಲು ಹಾಕಿ. ಸಿಡಿ ಮುಂದಿನ ವರ್ಷವೂ ಸಿಗಬಹುದು, ಆ ಪ್ಲೇಟು ಇನ್ನೊಂದು ಇರುತ್ತದೋ ಇಲ್ಲವೋ.

ಕೊರಟಗೆರೆಯವರ ವಿಷಯ ಹೇಳಿಬಿಡುತ್ತೇನೆ. ಅವರ ಕ್ಯಾಸೆಟ್ಟನ್ನೂ ಮೊಬೈಲಿನ ಹಾಡನ್ನೂ ತಗೊಂಡು ಮೇಷ್ಟ್ರ ಮನೆಗೇ ಹೋದೆವು. ಮೊಬೈಲಿನದು ಅಷ್ಟೂ ಶುಭ್ರ, ಆದರೆ ಕಪ್ಪು ಎರಡಕ್ಕೂ ಮೇಲಿನ ಮನೆಗೂ ನಡುವೆ ನಿಂತಿತು. ಉಸಿರಿನ ಜಾಗದಲ್ಲಿ ಏನೂ ಇರಲಿಲ್ಲ. ಕ್ಯಾಸೆಟ್ ಮೊದಲು ಮಬ್ಬಾಗಿ ಕೇಳಿಸಿತು. ಹೆಡ್ಡಿನ ಸ್ಕ್ರೂ ಕಾಲು ಸುತ್ತಿಗಿಂತ ಕಡಿಮೆ ತಿರುಗಿಸಿದ ಮೇಲೆ, ಸುಯ್ ಅನ್ನುವ ಸದ್ದಿನ ಹಿಂದಿನಿಂದ ಒಂದು ಗಟ್ಟಿ ಗಂಡು ದನಿ ಪದ ಪದ ಬಿಡಿಸಿಕೊಂಡು ಬಂತು. ಮೂರನೇ ಸಾಲಿನ ಮೊದಲು ಅವರು ಉಸಿರೆಳೆದದ್ದೂ ಕೇಳಿಸಿತು. ಮೇಷ್ಟ್ರು ಹಾರ್ಮೋನಿಯಂ ನಿಲ್ಲಿಸಿ, "ಇದನ್ನೇ ಇಟ್ಕೊಳ್ಳಪ್ಪಾ. ಅಲ್ಲಿ ಉಸಿರು ತಗೊಂಡ್ರಲ್ಲ, ನೀನೂ ಅಲ್ಲೇ ತಗೋಬೇಕು" ಅಂದರು.